ಡೋರ್ ಲಾಕಿನ ಸದ್ದು

ಯುಗಾದಿ ಕಳೆದು ಒಂದು ವಾರಕ್ಕೆ ಅಪ್ಪನಿಗೆ ಕಾಗದ ಹಾಕಲು ಪೋಸ್ಟ್ ಆಫೀಸಿಗೆ ಹೋಗಿದ್ದೆ. ದಿನಾ ವಾಟ್ಸ್ಯಾಪಿನಲ್ಲಿ ಮುಖ ನೋಡಿ ಮಾತಾಡುವವರಿಗೆ ಕಾಗದ ಯಾಕೆ ಅಂದರೆ, ಅಪ್ಪನಿಗೆ ಬೇಕಿರುವುದು ಕಾಗದವಲ್ಲ, ಲಕೋಟೆಯ ಬಲಗಡೆ ಮೂಲೆ. ಒಳಗೆ ಖಾಲಿ ಹಾಳೆ ಮಡಚಿ ಕಳಿಸಿದರೂ ಬೇಜಾರಿಲ್ಲ. ಸ್ಟಾಂಪು ಹೊಸದಿರಬೇಕು, ಮೇಲೆ ಠಸ್ಸೆ ಬಿದ್ದಿರಬೇಕು, ಆದರೆ ಠಸ್ಸೆ ಚಿತ್ರವನ್ನು ನುಂಗಿರಬಾರದು. ಈ ಮೂರನೆಯದು ನನ್ನ ಕೈಯಲ್ಲಿಲ್ಲ ಅಂತ ಹದಿನೆಂಟು ವರ್ಷದಿಂದ ಹೇಳುತ್ತಲೇ ಇದ್ದೇನೆ. ನಾನು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಬಂದು ಅಷ್ಟು ವರ್ಷವಾಯಿತು.

ಕೌಂಟರಿನಲ್ಲಿದ್ದಾಕೆ ಹೊಸದಾಗಿ ಬಂದ ಹಾಳೆಗಳನ್ನು ಹರವಿದಳು. ಬಾವುಟ, ಹೂವು, ಹಕ್ಕಿ, ಮತ್ತೆ ಒಂದು ಹಾಳೆ ತುಂಬ ಕಾರು. ಅಮೆರಿಕದ ಅಂಚೆಯವರು 2026ರಲ್ಲಿ ಹೊರಡಿಸಿರುವ ‘ಲೋರೈಡರ್ಸ್’ ಮಾಲೆ, ಅಂದರೆ ನೆಲಕ್ಕೆ ತಗ್ಗಿಸಿ ಸಿಂಗರಿಸಿದ ಕಾರುಗಳು. ಐದು ಕಾರು, ಐದಕ್ಕೂ ಹೆಸರು. 1946ರ ಫೋರ್ಡು ‘ಸೋಯ್ ಕೋಮೋ ಸೋಯ್’, ಅಂದರೆ ನಾನಿರುವುದೇ ಹೀಗೆ. 1958ರ ನೀಲಿ ಷೆವರ್ಲೆ ಇಂಪಾಲ ‘ಎಯ್ಟ್ ಫಿಗರ್ಸ್’, 1964ರ ಕಿತ್ತಳೆ ಇಂಪಾಲ ‘ದ ಗೋಲ್ಡನ್ ರೋಸ್’, 1987ರ ಹಸಿರು ಓಲ್ಡ್ಸ್‌ಮೊಬೀಲು ‘ಪಾಕೆಟ್ ಚೇಂಜ್’. ಐದನೆಯದು 1963ರ ಕೆಂಪು ಇಂಪಾಲ ‘ಎಲ್ ರೇ’, ಸ್ಪ್ಯಾನಿಶಿನಲ್ಲಿ ರಾಜ. ನೆಲಕ್ಕೆ ಹೊಟ್ಟೆ ತಾಗುವಷ್ಟು ಕೆಳಗೆ ಕೂತು, ಹೊಸದಾಗಿ ಎಣ್ಣೆ ಹಚ್ಚಿದ ದೇವರ ವಿಗ್ರಹದ ಹಾಗೆ ಹೊಳೆಯುತ್ತಿತ್ತು. ಎಂಥಾ ಚೆಂದ ಮಾರಾಯಾ, ಅಂದುಕೊಂಡೆ. ಅಂದುಕೊಂಡ ಮರುಗಳಿಗೆಯೇ ಕಿವಿಯೊಳಗೆ ‘ಟಕ್’ ಅಂತು.

ಅದು ನನ್ನ ಹಳೆಯ ಕರೋಲಾ ಕಾರಿನ ಡೋರ್ ಲಾಕಿನ ಸದ್ದು. 2009ರದು.

ಸ್ಟೋರಿ ರಸ್ತೆಯ ಸಿಗ್ನಲ್ಲು

ಬಂದು ಒಂದು ವರ್ಷವಾಗಿತ್ತು. ಸೆಕೆಂಡ್ ಹ್ಯಾಂಡ್ ಕರೋಲಾ ತೆಗೆದುಕೊಂಡು ಎರಡು ತಿಂಗಳು. ಯಾರದೋ ಮನೆಯ ಸತ್ಯನಾರಾಯಣ ಪೂಜೆ ಮುಗಿಸಿಕೊಂಡು ಬರುತ್ತಿದ್ದೆವು. ಹೆಂಡತಿಯ ತೊಡೆಯ ಮೇಲೆ ಸಪಾದ ಭಕ್ಷ್ಯದ ಡಬ್ಬಿ. ಊರಿನ ಪೂರ್ವದಲ್ಲಿ ಸ್ಟೋರಿ ರಸ್ತೆಯೂ ಕಿಂಗ್ ರಸ್ತೆಯೂ ಕೂಡುವ ಸಿಗ್ನಲ್ಲಿನ ಹತ್ತಿರ ದಾರಿ ತಪ್ಪಿ ಬಂದಿದ್ದೆ. ಸಂಜೆ ಏಳರ ಬಿಸಿಲು. ಪಕ್ಕದ ಲೇನಿಗೆ ಒಂದು ಕಾರು ಬಂತು. ಬಂತು ಅನ್ನುವುದಕ್ಕಿಂತ ತೇಲಿತು ಅನ್ನಬೇಕು. ನಡೆಯುವವನು ಹಿಂದೆ ಹಾಕಬಹುದಾದಷ್ಟು ನಿಧಾನ. ಬಣ್ಣ ನೇರಳೆಯೋ ಕೆಂಪೋ ಹೇಳಲಾರೆ, ನೋಡುವ ಕೋನ ಬದಲಾದ ಹಾಗೆಲ್ಲ ಬಣ್ಣವೂ ಬದಲಾಗುತ್ತಿತ್ತು. ನಿಂತ ಮೇಲೆ ‘ಉಸ್ಸ್’ ಅಂತ ಹಿಂದಿನ ಎಡಗಾಲು ಮಡಚಿಕೊಂಡ ಹಾಗೆ ಒಂದು ಮೂಲೆ ಕೆಳಗಿಳಿಯಿತು, ಆಮೇಲೆ ಮುಂದಿನದು. ಆನೆ ಕೂತ ಹಾಗೆ.

ನಾನು ಲಾಕ್ ಒತ್ತಿದೆ. ಯೋಚಿಸಿ ಒತ್ತಿದ್ದಲ್ಲ, ಬೆರಳೇ ಹೋಗಿ ಒತ್ತಿತು. ನಾಲ್ಕೂ ಬಾಗಿಲು ಒಟ್ಟಿಗೆ ಟಕ್ ಅಂದವು. ಎರಡೂ ಕಾರಿನ ಕಿಟಕಿ ಇಳಿದಿದ್ದವು, ನಡುವೆ ಮೂರಡಿ ಜಾಗ. ಆ ಕಡೆ ಚಾಲಕ ತಿರುಗಿ ನೋಡಿದ. ಕುತ್ತಿಗೆಯ ಮೇಲೆ ಹಚ್ಚೆ, ಬೋಳು ತಲೆ, ಕಪ್ಪು ಕನ್ನಡಕ. ಪಕ್ಕದ ಸೀಟಿನಲ್ಲಿ ಏಳೆಂಟು ವರ್ಷದ ಹುಡುಗಿ ಐಸ್ ಕ್ಯಾಂಡಿ ಚೀಪುತ್ತಿದ್ದಳು. ಆತ ಕೋಪ ಮಾಡಿಕೊಳ್ಳಲಿಲ್ಲ. ಇಂಥದ್ದನ್ನು ಸಾವಿರ ಸಲ ಕೇಳಿದವನ ಹಾಗೆ ಸಣ್ಣಗೆ ತಲೆಯಾಡಿಸಿ, ಕೆಳಗೆಲ್ಲೋ ಒಂದು ಸ್ವಿಚ್ಚು ತಟ್ಟಿದ. ಕಾರಿನ ಮುಂಭಾಗ ಎದ್ದು, ಬಗ್ಗಿ, ಮತ್ತೆ ಎದ್ದಿತು. ನಮಸ್ಕಾರ ಮಾಡಿತು. ಹುಡುಗಿ ನಕ್ಕಳು. ಹಸಿರು ಬಿತ್ತು. ಕಿಟಕಿ ಇಳಿಸಿಕೊಂಡು ಬಾಗಿಲಿಗೆ ಲಾಕ್ ಹಾಕಿದ ನನ್ನ ಬುದ್ಧಿಯ ಬಗ್ಗೆ ಹೆಂಡತಿ ಮನೆ ಮುಟ್ಟುವವರೆಗೂ ಏನೂ ಹೇಳಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಈಗ ಅದೇ ಬಗೆಯ ಕಾರು, ಅದೇ ಹೊಳಪು, ಒಂದೂಕಾಲು ಇಂಚಿನ ಚೀಟಿಯಲ್ಲಿ ಕೂತಾಗ ‘ಎಂಥಾ ಚೆಂದ’ ಅನ್ನಿಸಿತಲ್ಲ, ಅದು ಯಾರ ಕಣ್ಣು? ನನ್ನದೇ ಆಗಿದ್ದರೆ ಹದಿನೇಳು ವರ್ಷದ ಹಿಂದೆ ಎಲ್ಲಿ ಹೋಗಿತ್ತು?

ದಂಡದಿಂದ ಹುಟ್ಟಿದ ಯಂತ್ರ

ಕಾರಿನ ಸ್ಟಾಂಪುಗಳು ಅಮೆರಿಕಕ್ಕೆ ಹೊಸವಲ್ಲ. 2005ರಲ್ಲಿ ಐವತ್ತರ ದಶಕದ ಸ್ಪೋರ್ಟಿ ಕಾರುಗಳು ಬಂದವು, 2008ರಲ್ಲಿ ಅದೇ ದಶಕದ ಬಾಲದ ರೆಕ್ಕೆ, ಕ್ರೋಮಿನ ಕಾರುಗಳು, 2013ರಲ್ಲಿ ಮಸಲ್ ಕಾರುಗಳು. ಅಪ್ಪನ ಹತ್ತಿರ ಎಲ್ಲ ಇವೆ. ಆದರೆ ಅವೆಲ್ಲ ಕಂಪನಿ ಮಾಡಿ ಬಿಟ್ಟ ಕಾರುಗಳು. ಕೊಂಡವನು ತನ್ನ ಶೆಡ್ಡಿನಲ್ಲಿ ಕತ್ತರಿಸಿ, ಬಗ್ಗಿಸಿ, ಬಣ್ಣ ಹೊಡೆದು ತನ್ನದು ಮಾಡಿಕೊಂಡ ಕಾರಿಗೆ ಮಾಲೆ ಬಂದದ್ದು 2014ರಲ್ಲಿ: ‘ಹಾಟ್ ರಾಡ್ಸ್’ ಹೆಸರಿನ ಜೋಡಿ, ಎರಡರಲ್ಲೂ 1932ರ ಫೋರ್ಡು. ಹಾಟ್ ರಾಡಿನವರ ಹುಚ್ಚು ವೇಗದ್ದು. ಭಾರ ಕಳಚು, ದೊಡ್ಡ ಎಂಜಿನ್ ಕೂರಿಸು, ಓಡಿಸು. ಲೋರೈಡರಿನವರದು ತದ್ವಿರುದ್ಧ. ಎಷ್ಟು ತಗ್ಗಿ, ಎಷ್ಟು ನಿಧಾನವಾಗಿ ಹೋಗಬಹುದು ಅನ್ನುವುದೇ ಪಂಥ. ‘ಬಹೀತೋ ಈ ಸುವಾವೆಸೀತೋ’ ಅನ್ನುತ್ತಾರೆ: ತಗ್ಗಿ, ಮೆತ್ತಗೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಕ್ಯಾಲಿಫೋರ್ನಿಯಾದ ಮೆಕ್ಸಿಕನ್ ಮೂಲದ ಹುಡುಗರು ಹಳೆಯ ಷೆವಿ ಕಾರು ಅಗ್ಗಕ್ಕೆ ಕೊಂಡು, ಸ್ಪ್ರಿಂಗ್ ಕತ್ತರಿಸಿಯೋ ಡಿಕ್ಕಿಗೆ ಮರಳಿನ ಚೀಲ ಹೇರಿಯೋ ತಗ್ಗಿಸುತ್ತಿದ್ದರು. ವಾರದ ಕೊನೆಗೆ ದೊಡ್ಡ ರಸ್ತೆಯಲ್ಲಿ ಅತ್ತಿಂದಿತ್ತ ಮೆರವಣಿಗೆ. ಎಲ್ಲಿಗೂ ಹೋಗುವುದಿಲ್ಲ. ನೋಡುವುದು, ನೋಡಿಸಿಕೊಳ್ಳುವುದು. ನಮ್ಮ ಕಡೆ ತೇರಿನ ದಿನ ಬೀದಿ ಸುತ್ತುವ ಹಾಗೆ.

ಸರ್ಕಾರಕ್ಕೆ ಇದು ಹಿಡಿಸಲಿಲ್ಲ. ಕಾರಿನ ಯಾವ ಭಾಗವೂ ಚಕ್ರದ ರಿಮ್ಮಿಗಿಂತ ಕೆಳಗೆ ಇಳಿಯಕೂಡದು ಅಂತ 1958ರಲ್ಲಿ ಕ್ಯಾಲಿಫೋರ್ನಿಯಾ ಕಾನೂನು ತಂದಿತು. ಇಲ್ಲಿಂದ ಮುಂದಿನದು ನನಗೆ ಬಹಳ ಇಷ್ಟ. ರಾನ್ ಅಗಿರೆ ಅನ್ನುವವನು 1959ರಲ್ಲಿ ವಿಮಾನದಿಂದ ಕಳಚಿ ಗುಜರಿಗೆ ಬಂದ ಹೈಡ್ರಾಲಿಕ್ ಪಂಪುಗಳನ್ನು ತನ್ನ ಕಾರ್ವೆಟ್ಟಿಗೆ ಕೂರಿಸಿದ. ಸ್ವಿಚ್ಚು ಒತ್ತಿದರೆ ಕಾರು ತಗ್ಗುತ್ತದೆ. ಪೊಲೀಸು ಕಂಡರೆ ಇನ್ನೊಮ್ಮೆ ಒತ್ತು, ಕಾನೂನಿನ ಎತ್ತರಕ್ಕೆ ಏಳುತ್ತದೆ. ದಂಡ ತಪ್ಪಿಸಲು ಹೂಡಿದ ಉಪಾಯವೇ ಮುಂದೆ ಕಲೆಯಾಯಿತು. ಕಾರು ಬಗ್ಗುವುದು, ಮೂರು ಕಾಲಿನ ಮೇಲೆ ನಿಲ್ಲುವುದು, ಕುಣಿಯುವುದು, ನನಗೆ ಸಿಗ್ನಲ್ಲಿನಲ್ಲಿ ನಮಸ್ಕಾರ ಹೊಡೆದದ್ದು, ಎಲ್ಲದರ ಬೇರು ಅಲ್ಲಿದೆ. ಕಾನೂನು ಸುಮ್ಮನಿದ್ದಿದ್ದರೆ ಮರಳಿನ ಚೀಲದಲ್ಲೇ ಮುಗಿಯುತ್ತಿತ್ತೋ ಏನೋ.

ಕಾರು ತಗ್ಗಿಸಕೂಡದು ಅಂದದ್ದಾಯಿತು, ಆಮೇಲೆ ರಸ್ತೆಯಲ್ಲಿ ಸುತ್ತಕೂಡದು ಅನ್ನುವುದೂ ಬಂತು. ಪೂರ್ವ ಲಾಸ್ ಏಂಜಲಿಸಿನ ವಿಟಿಯರ್ ಬುಲೆವಾರ್ಡಿನಲ್ಲಿ 1979ರಲ್ಲಿ ಮೆರವಣಿಗೆ ನಿಲ್ಲಿಸಿದರು. ನಮ್ಮ ಸ್ಯಾನ್ ಹೋಸೆಯಲ್ಲಿ 1986ರಿಂದ ನಿಷೇಧ. ತಮಾಷೆಯೆಂದರೆ 1977ರಲ್ಲಿ ಲೋರೈಡರುಗಳ ಮೊದಲ ದೊಡ್ಡ ಪತ್ರಿಕೆ ಹುಟ್ಟಿದ್ದು ಇದೇ ಊರಿನಲ್ಲಿ. ಅಂದರೆ 2009ರ ಆ ಸಂಜೆ ಐಸ್ ಕ್ಯಾಂಡಿಯ ಹುಡುಗಿಯನ್ನು ಕೂರಿಸಿಕೊಂಡು ಇನ್ನೊಂದು ಸುತ್ತು ಹೊಡೆದಿದ್ದರೆ ಆತ ದಂಡ ಕಟ್ಟಬೇಕಾಗಿತ್ತು. ಇದು ನನಗೆ ಗೊತ್ತಿರಲಿಲ್ಲ. ಊರಿನ ನಿಷೇಧ ಹೋದದ್ದು 2022ರಲ್ಲಿ. ಎತ್ತರದ ಕಟ್ಟಳೆಯೂ ಉಳಿದ ಊರುಗಳ ನಿಷೇಧಗಳೂ ರಾಜ್ಯದ ಹೊಸ ಕಾನೂನಿನಿಂದ ಬಿದ್ದುಹೋದದ್ದು 2024ರ ಜನವರಿ 1ಕ್ಕೆ. ಅದಾಗಿ ಎರಡು ವರ್ಷಕ್ಕೆ ಸ್ಟಾಂಪು.

ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಗೆಳೆಯ ಇಲ್ಲೇ ಹುಟ್ಟಿ ಬೆಳೆದವನು. ಅವನ ಅಪ್ಪ ಎಂಬತ್ತರ ದಶಕದಲ್ಲಿ ಸ್ಟೋರಿ ರಸ್ತೆಯಲ್ಲಿ ಸುತ್ತಿದವರು. ಹಾಳೆ ತೋರಿಸಿದೆ. “ನಮ್ಮಪ್ಪ ದಂಡ ಕಟ್ಟಿದ್ದು ಚೆಕ್ಕಿನಲ್ಲಿ, ಅಂಚೆಯಲ್ಲೇ ಕಳಿಸಿದ್ದು. ಆವತ್ತು ಲಕೋಟೆಗೆ ಹಚ್ಚಿದ್ದು ಬಾವುಟದ ಸ್ಟಾಂಪು” ಅಂದ. ಆಮೇಲೆ ಅವನೇ ಎರಡು ಹಾಳೆ ಕೊಂಡು, ಒಂದಕ್ಕೆ ಕಟ್ಟು ಹಾಕಿಸಿ ಅಪ್ಪನಿಗೆ ಕೊಟ್ಟನಂತೆ. ಮುದುಕರು ಕನ್ನಡಕ ಏರಿಸಿ ಐದನ್ನೂ ನೋಡಿ, ಇದರಲ್ಲಿ ನನ್ನ ಕಾರೇ ಇಲ್ಲವಲ್ಲ, ಅಂದರಂತೆ.

ಪಿ.ಬಿ. ರಸ್ತೆಯ ಗೆರೆ

ನಾವು ದಾವಣಗೆರೆಯವರು. ಅಪ್ಪ ಕಾಟನ್ ಮಿಲ್ಲೊಂದರ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ಮಿಷನ್ನಿನ ಬಿಡಿಭಾಗಗಳ ಪತ್ರವ್ಯವಹಾರಕ್ಕೆ ಹೊರದೇಶದಿಂದ ಲಕೋಟೆಗಳು ಬರುತ್ತಿದ್ದವು. ಅವುಗಳ ಮೂಲೆ ಕತ್ತರಿಸಿ ತರುವುದರಿಂದ ಹತ್ತಿದ ಚಟ. ಭಾನುವಾರ ಮಧ್ಯಾಹ್ನ ಸ್ಟೀಲಿನ ತಟ್ಟೆಗೆ ಉಗುರುಬೆಚ್ಚಗಿನ ನೀರು ಹಾಕಿ ತುಂಡುಗಳನ್ನು ತೇಲಿಬಿಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಸ್ಟಾಂಪು ತಾನಾಗಿ ಕಾಗದ ಬಿಟ್ಟು ಜಾರುತ್ತದೆ. ಅದನ್ನು ಚಿಮುಟದಲ್ಲಿ ಎತ್ತಿ, ಹಳೆಯ ಪ್ರಜಾವಾಣಿಯ ಮೇಲೆ ಮುಖ ಕೆಳಗೆ ಮಾಡಿ ಒಣಗಿಸಿ, ಡಿಕ್ಷನರಿಯ ನಡುವೆ ಒತ್ತುವುದು. ಹಿಂಭಾಗದ ಅಂಟು ತೆಳ್ಳಗೆ ಬೆರಳಿಗೆ ತಾಗುತ್ತಿತ್ತು. ಅದರ ವಾಸನೆ ಗಂಜಿಯದು. ಹಂಗೇರಿಯ ‘ಮಗ್ಯಾರ್ ಪೋಸ್ತಾ’ ಸ್ಟಾಂಪುಗಳಲ್ಲಿ ಹಳೆಯ ಕಾರುಗಳು ಬರುತ್ತಿದ್ದವು. ಅಪ್ಪ ಭೂತಗನ್ನಡಿ ನನ್ನ ಕೈಗೆ ಕೊಟ್ಟು, “ಚಕ್ರದ ಕಡ್ಡಿ ಎಣಸು, ಗೆರೆ ಎಷ್ಟು ಸಣ್ಣಗೆ ಎಳದಾರೆ ನೋಡು” ಅನ್ನುತ್ತಿದ್ದರು. ನಾನು ಎಣಿಸುತ್ತಿದ್ದೆ.

ಮನೆಯಿಂದ ಮುನ್ನೂರು ಹೆಜ್ಜೆ ದೂರದಲ್ಲಿ, ಪಿ.ಬಿ. ರಸ್ತೆಯ ಪಕ್ಕ, ಲಾರಿಗೆ ಬಾಡಿ ಕಟ್ಟುವ ಗ್ಯಾರೇಜೊಂದಿತ್ತು. ಅಲ್ಲಿ ಪೇಂಟರ್ ಸಾಬ್ರು ಇದ್ದರು. ಹೆಸರು ಬೇರೆ ಇತ್ತು, ಊರಿಗೆಲ್ಲ ಪೇಂಟರ್ ಸಾಬ್ರೇ. ಬಡಗಿಗಳೂ ವೆಲ್ಡಿಂಗಿನವರೂ ಮುಗಿಸಿ ಹೋದ ಮೇಲೆ ಬೋಳು ಲಾರಿ ಅವರ ಕೈಗೆ ಬರುತ್ತಿತ್ತು. ಹಿಂದೆ ಕಮಲ, ನವಿಲು, ‘ತಾಯಿಯ ಆಶೀರ್ವಾದ’, ಮುಂದೆ ‘ಶ್ರೀ ಆಂಜನೇಯ ಪ್ರಸನ್ನ’. ಅದೆಲ್ಲ ಯಾರಾದರೂ ಬರೆದಾರು. ನಾನು ಕಾಯುತ್ತಿದ್ದದ್ದು ಗೆರೆಗೆ. ಕ್ಯಾಬಿನ್ನಿನ ಬಾಗಿಲಿನಿಂದ ಹಿಂದಿನ ಹಲಗೆಯವರೆಗೆ ಹಳದಿಯದೊಂದು ಗೆರೆ, ಅದರ ಕೆಳಗೆ ಬಿಳಿಯದೊಂದು. ಕೂದಲು ಉದ್ದ ಇರುವ ಸಣ್ಣ ಬ್ರಷ್ಷು. ಕತ್ತರಿಸಿದ ಡಾಲ್ಡಾ ಡಬ್ಬಿಯಲ್ಲಿ ಬಣ್ಣ ಅದ್ದಿ, ಹೆಚ್ಚಾದದ್ದನ್ನು ಡಬ್ಬಿಯ ಅಂಚಿಗೆ ಒರೆಸಿ, ಕಿರುಬೆರಳನ್ನು ಹಲಗೆಗೆ ಊರಿ, ಬೀಡಿಯನ್ನು ಬಾಯಿಂದ ತೆಗೆದು ಕಿವಿಗೆ ಸಿಕ್ಕಿಸಿಕೊಳ್ಳುವರು. ಆಮೇಲೆ ಉಸಿರು ಕಟ್ಟಿ ಪಕ್ಕಕ್ಕೆ ನಡೆಯುವರು. ಕೈ ಓಡುವುದಿಲ್ಲ, ಕಾಲೇ ಗೆರೆ ಎಳೆಯುವುದು. ಎಂಟು ಹತ್ತು ಹೆಜ್ಜೆಗೆ ನಿಂತು, ಬ್ರಷ್ ಎತ್ತಿ, ಉಸಿರು ಬಿಟ್ಟು, ಮತ್ತೆ ಅದೇ ಚುಕ್ಕಿಗೆ ಬ್ರಷ್ ತಾಗಿಸಿದರೆ ಜೋಡಿದ್ದು ಎಲ್ಲಿ ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಒಮ್ಮೆ ನನ್ನ ಸ್ಲೇಟಿನ ಚೌಕಟ್ಟಿಗೂ ಎಳೆದುಕೊಟ್ಟರು.

ಅದನ್ನು ನೋಡಿಯೇ ಅಪ್ಪನಿಗೆ ನಾನು ಎಲ್ಲಿಗೆ ಹೋಗುತ್ತೇನೆ ಅಂತ ತಿಳಿದದ್ದು. “ಗ್ಯಾರೇಜು ಸೇರಾ ಹುಡುಗ ಆಗ್ತಿಯೇನಲೇ? ಇನ್ನೊಂದ್ಸಲ ಆ ಕಡೆ ಸುಳದ್ರೆ ಕಾಲು ಮುರೀತೀನಿ” ಅಂದರು. ಸ್ಲೇಟು ಅಟ್ಟ ಸೇರಿತು. ಸಂಜೆ ಮತ್ತೆ ಭೂತಗನ್ನಡಿ, ಮತ್ತೆ ಹಂಗೇರಿಯ ಕಾರು. ಅರ್ಧ ಇಂಚಿನ ಗೆರೆ ನೋಡುವುದಕ್ಕೆ ಭೂತಗನ್ನಡಿ ಹಿಡಿಯುತ್ತಿದ್ದ ಮನೆಯಲ್ಲಿ ಇಪ್ಪತ್ತಡಿಯ ಗೆರೆ ಕಾಣಿಸುತ್ತಿರಲಿಲ್ಲ. ಅಪ್ಪನನ್ನು ದೂರುವ ಹಾಗೂ ಇಲ್ಲ. ಗುಮಾಸ್ತನ ಮಗ ಎಂಜಿನಿಯರಾಗಬೇಕಿತ್ತು, ಆದ. ಆದರೆ ಆ ಸಿಗ್ನಲ್ಲಿನಲ್ಲಿ ಲಾಕ್ ಒತ್ತಿದ ಬೆರಳಿಗೆ ಅಭ್ಯಾಸವಾದದ್ದು ಅಮೆರಿಕದಲ್ಲಲ್ಲ ಅಂತ ನನಗೀಗ ಅನ್ನಿಸುತ್ತದೆ.

ಬದುಕಿದ್ದಾಗಲೇ

ಸತ್ತ ಮೇಲೇ ಸ್ಟಾಂಪು ಅನ್ನುವುದು ಅಪ್ಪನ ಮಾತು. ಅಮೆರಿಕದಲ್ಲಂತೂ ಅದು ನಿಯಮವೇ: ದೇಶದ ಅಧ್ಯಕ್ಷರಾಗಿದ್ದವರನ್ನು ಬಿಟ್ಟರೆ, ವ್ಯಕ್ತಿ ತೀರಿಕೊಂಡು ಕನಿಷ್ಠ ಮೂರು ವರ್ಷವಾಗದೆ ಸ್ಟಾಂಪಿಲ್ಲ. ನಮ್ಮಲ್ಲಿ ಅಪರೂಪಕ್ಕೆ ಮುರಿದದ್ದುಂಟು, ನಮ್ಮ ಕನ್ನಡದವರೊಬ್ಬರಿಗಾಗಿಯೂ. ಸರ್ ಎಂ. ವಿಶ್ವೇಶ್ವರಯ್ಯನವರಿಗೆ ನೂರು ತುಂಬಿದ 1960ರ ಸೆಪ್ಟೆಂಬರ್ 15ರಂದು ಅವರ ಸ್ಟಾಂಪು ಹೊರಟಿತು. ಅವರು ತೀರಿಕೊಂಡದ್ದು 1962ರಲ್ಲಿ. ಈ ದೇಶದಲ್ಲೇ ಕಾರು ತಯಾರಾಗಬೇಕು ಅಂತ ಮೂವತ್ತರ ದಶಕದಲ್ಲೇ ಪಟ್ಟು ಹಿಡಿದಿದ್ದವರೂ ಅವರೇ ಅನ್ನುವುದನ್ನು ಅಪ್ಪ ಆ ಪುಟ ತೆರೆದಾಗೆಲ್ಲ ಹೇಳುತ್ತಾರೆ.

ಕಾರುಗಳಿಗೆ ಈ ಮೂರು ವರ್ಷದ ನಿಯಮವಿಲ್ಲ. ಆದರೂ ಅನುಮಾನ ಬರುತ್ತದೆ. ಲೋರೈಡರುಗಳಲ್ಲೆಲ್ಲ ಹೆಸರುವಾಸಿಯಾದ ‘ಜಿಪ್ಸಿ ರೋಸ್’, ಮೈತುಂಬ ಗುಲಾಬಿ ಬರೆಸಿಕೊಂಡ 1964ರ ಇಂಪಾಲ, 2017ರಲ್ಲಿ ವಾಷಿಂಗ್ಟನ್ನಿನ ನ್ಯಾಷನಲ್ ಮಾಲಿನಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಕೂತಿತ್ತು. ಗಾಜಿನ ಪೆಟ್ಟಿಗೆ, ಸ್ಟಾಂಪು, ಎರಡೂ ಒಂದೇ ಜಾತಿ. ಕಾರು ಬಗ್ಗುವುದಿಲ್ಲ, ಉಸ್ಸ್ ಅನ್ನುವುದಿಲ್ಲ, ರಸ್ತೆ ಕಟ್ಟುವುದಿಲ್ಲ, ಪಕ್ಕದ ಕಾರಿನವನಿಗೆ ಲಾಕ್ ಒತ್ತುವ ಪ್ರಸಂಗ ಬರುವುದಿಲ್ಲ. ಆಗ ಎಲ್ಲರಿಗೂ ಚೆಂದ ಕಾಣುತ್ತದೆ. ನನಗೆ ಕಂಡದ್ದೂ ಹಾಗೇ. ಆದರೆ ಆ ಮಾತು ಪೂರಾ ಸರಿಯಲ್ಲ ಅಂತಲೂ ಗೊತ್ತು. ಸ್ಟೋರಿ ರಸ್ತೆಯಲ್ಲಿ ಭಾನುವಾರ ಸಂಜೆ ಈಗಲೂ ಉಸ್ಸ್ ಕೇಳಿಸುತ್ತದೆ, ದಂಡದ ಭಯವಿಲ್ಲದೆ. ಹೋದ ವಾರ ಹೋಗಿ ನಿಂತೆ. ಕಾರಿನಲ್ಲಲ್ಲ, ಫುಟ್‌ಪಾತಿನಲ್ಲಿ. ಈ ಕಾರುಗಳಿಗೆ ಹೊಡೆಯುವ ಕ್ಯಾಂಡಿ ಬಣ್ಣ ಅನ್ನುವುದು ಒಂದು ಬಣ್ಣವಲ್ಲವಂತೆ. ಕೆಳಗೆ ಬೆಳ್ಳಿಯದೋ ಚಿನ್ನದ್ದೋ ಹಾಸು, ಮೇಲೆ ಗಾಜಿನಂಥ ತೆಳು ಬಣ್ಣ ಪದರದ ಮೇಲೆ ಪದರ. ಬೆಳಕು ಒಳಗೆ ಇಳಿದು, ತಳದ ಹಾಸಿಗೆ ಬಡಿದು ಹೊರಗೆ ಬರುತ್ತದೆ. ಸ್ಟಾಂಪಿನ ಶಾಯಿಗೆ ಇದು ಸಾಧ್ಯವಿಲ್ಲ. ಒಬ್ಬಾಕೆ ತನ್ನ ಕಾರಿನ ಬಾಗಿಲು ತೆರೆದು ಒಳಗಿನ ಮಕಮಲ್ಲು ಮುಟ್ಟಿ ನೋಡು ಅಂದಳು. ಮುಟ್ಟಿದೆ.

ಕಾಗದ ಹಾಕಿದ ದಿನ ಒಂದು ಲೆಕ್ಕಾಚಾರವಾಯಿತು. ಆಗ ಈ ಸ್ಟಾಂಪು ತಲಾ 78 ಸೆಂಟು ಇತ್ತು. ಭಾರತಕ್ಕೆ ಸಾದಾ ಕಾಗದಕ್ಕೆ 1 ಡಾಲರ್ 70 ಸೆಂಟು ಬೇಕಿತ್ತು. ಎರಡು ಹಚ್ಚಿದರೆ 14 ಸೆಂಟು ಕಮ್ಮಿ. ಹೊರದೇಶಕ್ಕೆಂದೇ ದುಂಡನೆಯ ಸ್ಟಾಂಪು ಇದೆ, ಕೌಂಟರಿನಾಕೆ ಅದನ್ನೇ ಮುಂದೆ ಮಾಡಿದಳು. ಬೇಡವೆಂದು ಮೂರು ಕಾರು ಸಾಲಾಗಿ ಹಚ್ಚಿದೆ. ಎಲ್ ರೇ ನಡುವೆ. ಕೈಯಲ್ಲೇ ಠಸ್ಸೆ ಹೊಡೆಯಿರಿ, ಸಣ್ಣದಾಗಿ, ಅಂಚಿಗೆ, ಅಂತ ಕೇಳಿಕೊಂಡೆ. ನಕ್ಕು ಹೊಡೆದಳು.

ಮೂರು ವಾರಕ್ಕೆ ಅಪ್ಪನ ಫೋನು. “ನೀರಾಗೆ ಎರಡು ತಾಸು ಇಟ್ರೂ ಬಿಡವಲ್ದಪ್ಪಾ!” ಈಗಿನ ಅಮೆರಿಕದ ಸ್ಟಾಂಪುಗಳು ಸ್ಟಿಕ್ಕರಿನಂಥವು, ಆ ಅಂಟು ನೀರಿಗೆ ಕರಗುವುದಿಲ್ಲ, ಕಾಗದದ ಸಮೇತ ಕತ್ತರಿಸಿ ಇಟ್ಟುಕೊಳ್ಳಿ ಅಂತ ಪ್ರತಿ ಸಲ ಹೇಳುತ್ತೇನೆ. ಪ್ರತಿ ಸಲ ತಟ್ಟೆಗೆ ಹಾಕುತ್ತಾರೆ. “ಅದಿರ್ಲಿ, ಇಷ್ಟು ಕೆಳಗೆ ಮಾಡಿದ್ರೆ ಅಲ್ಲಿ ಆರ್‌ಟಿಓದವ್ರು ಸುಮ್ನೆ ಬಿಡ್ತಾರಾ?” ಅಂದರು. ನಮ್ಮಲ್ಲಾದರೆ ಬಿಡುವುದಿಲ್ಲ, ಕಂಪನಿ ಕೊಟ್ಟ ಮೂಲ ನಮೂನೆಗೆ ಹೊಂದದ ಹಾಗೆ ವಾಹನ ಬದಲಿಸಬಾರದು ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ನಾನು 1958ರಿಂದ ಶುರುಮಾಡಿ ವಿಮಾನದ ಪಂಪು, ಸ್ಟೋರಿ ರಸ್ತೆ ಎಲ್ಲ ಹೇಳಿದೆ. ಲಾಕ್ ಒತ್ತಿದ್ದನ್ನೂ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಲೈನ್ ಹೋಯಿತೇನೋ ಅಂದುಕೊಂಡೆ.

ಎರಡು ದಿನ ಬಿಟ್ಟು ಅವರೇ ಮತ್ತೆ ಮಾಡಿದರು. ಬೆಳಿಗ್ಗೆ ವಾಕಿಂಗಿಗೆ ಹೋದಾಗ, ಒದ್ದೆಯಾಗಿ ಒಣಗಿ ಸುಕ್ಕುಗಟ್ಟಿದ ಆ ಲಕೋಟೆಯನ್ನೂ ಭೂತಗನ್ನಡಿಯನ್ನೂ ಜೇಬಿಗೆ ಹಾಕಿಕೊಂಡು ಪೇಂಟರ್ ಸಾಬ್ರ ಮನೆಗೆ ಹೋಗಿದ್ದರಂತೆ. ಸಾಬ್ರಿಗೆ ಈಗ ಎಂಬತ್ತು ದಾಟಿದೆ, ಕೈ ನಡುಗುತ್ತದೆ, ಮನೆ ಮುಂದಿನ ಕಟ್ಟೆಯಲ್ಲಿ ಕೂತಿರುತ್ತಾರೆ. ಸ್ಟಾಂಪಿನ ಮೂಲೆಗಳಲ್ಲಿ ಕಾರಿಗೆ ಎಳೆಯುವಂಥದೇ ಸಣ್ಣ ಬಳ್ಳಿಗೆರೆಗಳಿವೆ. ಸಾಬ್ರು ಕಾರು ನೋಡಲಿಲ್ಲವಂತೆ, ಬರೀ ಮೂಲೆಗಳನ್ನೇ ಬಹಳ ಹೊತ್ತು ನೋಡಿದರಂತೆ.

“ಏನಂದ್ರು?” ಅಂತ ಕೇಳಿದೆ.

“ಇಷ್ಟು ಸಣ್ಣದು ಮಾಡಿದ್ರೆ ಯಾರ ಗೆರೆನಾದ್ರೂ ನೆಟ್ಟಗೇ ಕಾಣ್ತೈತಿ ಬಿಡ್ರೀ, ಅಂದ್ರು” ಅಂದರು ಅಪ್ಪ. ಆಮೇಲೆ ಸ್ವಲ್ಪ ತಡೆದು, “ನಿನ್ನ ಸ್ಲೇಟು ಅಟ್ಟದಾಗೆ ಹುಡುಕಿಸಿದೆ. ಸಿಗಲಿಲ್ಲ” ಅಂದರು.